ಬಾಲಿಗೆ ಹೊರಟು ಕುಂಜತ್ತೂರಿನಲ್ಲಿ

ನವೆಂಬರ್ 5, ಬುಧವಾರ

ಚೀಲ ತುಂಬಿ ಆಯಿತು. ಇವರದು ನೀಲಿ, ನನ್ನದು ಕೆಂಪು. ಇಷ್ಟು ವರ್ಷ ಹೆಗಲಚೀಲದಲ್ಲೇ ಕೊಲ್ಲೂರು, ಗುರುವಾಯೂರು ಎಲ್ಲ ಮುಗಿಸಿದವರು ನಾವು. ಚಕ್ರದ ಚೀಲ ಎಳೆಯುವ ಅಭ್ಯಾಸವಾಗಲಿ ಎಂದು ಸಂಜೆ ಇಬ್ಬರೂ ಅಂಗಳದಲ್ಲಿ ಸುತ್ತು ಹಾಕಿದೆವು. ನೆರೆಯ ಹೊನ್ನಯ್ಯ ಬೇಲಿಯಾಚೆ ನಿಂತು, "ಎಂತ ಭಟ್ರೇ, ಈ ಪ್ರಾಯದಲ್ಲಿ ಇಬ್ಬರೂ ಓಡಿಹೋಗುವುದಾ?" ಎಂದು ಕೇಳಿದ. ಇವರು ನಗಲಿಲ್ಲ. ನಾನು ನಕ್ಕೆ.

ಬಾಲಿ ಎಂದರೆ ಇವರಿಗೆ ದೇವಸ್ಥಾನಗಳಿರುವ ದ್ವೀಪ. ಅದನ್ನೇ ಹೇಳಿ ನಾನು ಇವರನ್ನು ಒಪ್ಪಿಸಿದ್ದು. ನನಗೆ ಬೇಕಾದದ್ದು ಬೇರೆ. ನಿವೃತ್ತಿಯಾಗುವವರೆಗೆ ನಾನು ಹೊಲಿಗೆ ಟೀಚರು. ಶಾಲಾ ವೃತ್ತಿ ಪರಿಚಯ ಮೇಳಕ್ಕೆಂದು ಮಕ್ಕಳಿಗೆ ಬಾಟಿಕ್ ಕಲಿಸುತ್ತಿದ್ದೆ. ಮೇಣದಬತ್ತಿ ಕರಗಿಸಿ ಬ್ರಷ್ಷಿನಲ್ಲಿ ಬಳಿದು, ಬಣ್ಣದಲ್ಲಿ ಅದ್ದಿ, ಪುಸ್ತಕ ನೋಡಿ ಕಲಿತ ವಿದ್ಯೆ. ನಾನು ಕಲಿಸಿದ ಮಕ್ಕಳಿಗೆ ಜಿಲ್ಲೆಯಲ್ಲಿ ಬಹುಮಾನವೂ ಬಂದಿತ್ತು. ಆದರೆ ನಿಜವಾಗಿ ಬಾಟಿಕ್ ಮಾಡುವ ಕೈಯನ್ನು ನಾನು ಒಮ್ಮೆಯೂ ಕಂಡವಳಲ್ಲ. ಪ್ರವಾಸದ ನಾಲ್ಕನೆಯ ದಿನ ಮಧ್ಯಾಹ್ನ ಬಾಟಿಕ್ ಮಾಡುವ ಹೆಂಗಸರ ಜೊತೆ ಕೂತು ಕಲಿಯಬಹುದಂತೆ. ಉಳಿದ ದಿನಗಳಲ್ಲಿ ಎಷ್ಟು ದೇವಸ್ಥಾನ ಬೇಕಾದರೂ ತೋರಿಸಲಿ, ಆ ಒಂದು ಮಧ್ಯಾಹ್ನ ನನಗೆ ಸಿಕ್ಕಿದರೆ ಸಾಕು.

ವಿಮಾನ ಶನಿವಾರ. ಶನಿವಾರ ಪೂರ್ವಕ್ಕೆ ವಾರಶೂಲೆ, ಆ ದಿಕ್ಕಿಗೆ ಹೊರಡಬಾರದು ಎಂದು ಇವರು ಜೋಯಿಸರಲ್ಲಿಗೆ ಹೋಗಿ ಬಂದರು. ಅವರು ಪರಸ್ಥಾನ ಹೇಳಿದ್ದಾರೆ. ಅಂದರೆ ಗುರುವಾರ ಒಳ್ಳೆಯ ಹೊತ್ತು ನೋಡಿ ಮನೆಯಿಂದ ಹೊರಟು ಬೇರೆಯವರ ಮನೆಯಲ್ಲಿ ಉಳಿಯುವುದು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆಯೇ ಲೆಕ್ಕ. ಆಮೇಲೆ ಯಾತ್ರೆ ಮುಗಿಸದೆ ನಮ್ಮ ಮನೆಯೊಳಗೆ ಕಾಲಿಡಬಾರದು. ಕುಂಜತ್ತೂರಿನಲ್ಲಿ ಇವರ ಅಕ್ಕ ವಸುಮತಿ ಅತ್ತಿಗೆ ಒಬ್ಬರೇ ಇದ್ದಾರೆ. ಅಲ್ಲಿಗೇ ನಾಳೆ.

ನವೆಂಬರ್ 6, ಗುರುವಾರ

ಮಂಜೇಶ್ವರದಿಂದ ಕುಂಜತ್ತೂರಿಗೆ ವಿದೇಶ ಪ್ರವಾಸ. ರಿಕ್ಷಾದಲ್ಲಿ ಹೋಗಿ ಇಳಿದೆವು.

ಹೊತ್ತು ಮೀರಬಾರದೆಂದು ಇವರು ಮಾಡಿದ ಗಡಿಬಿಡಿಯಲ್ಲಿ ಒಲೆಯ ಮೇಲಿದ್ದ ಹಾಲನ್ನು ಬಚ್ಚಲಿಗೆ ಚೆಲ್ಲಬೇಕಾಯಿತು. ಹಿಂದಿರುಗಿ ನೋಡಬಾರದು ಎಂದರು, ನೋಡಲಿಲ್ಲ. ಹೊಸಂಗಡಿ ದಾಟಿದ ಮೇಲೆ ಬಿಪಿ ಮಾತ್ರೆ ಮರೆತದ್ದು ನೆನಪಾಯಿತು. ರಿಕ್ಷಾ ತಿರುಗಿಸಿ ಬಂದು ನಮ್ಮ ಗೇಟಿನ ಹೊರಗೆ ನಿಂತೆವು. ಒಳಗೆ ಹೋಗುವ ಹಾಗಿಲ್ಲ. ಹೊನ್ನಯ್ಯನನ್ನು ಕರೆದು ಕೀಲಿಕೈ ಕೊಟ್ಟೆವು. ಅವನು ಒಳಗಿನಿಂದ ಒಂದೊಂದೇ ಪೆಟ್ಟಿಗೆ ತಂದು ಗೇಟಿನ ಮೇಲಿಂದ ತೋರಿಸುವುದು, ನಾನು ಅಲ್ಲ ಎನ್ನುವುದು. ಹಗ್ಗದ ಮೇಲೆ ನನ್ನ ಸೀರೆಯೊಂದು ಒಣಗುತ್ತಾ ಉಳಿದಿತ್ತು. ನನ್ನ ಮನೆಯನ್ನು ನಾನೇ ಬೀದಿಯಿಂದ ನೋಡಿದ್ದು ಇದೇ ಮೊದಲು. ನಗು ಬಂತು, ಇವರ ಮುಖ ನೋಡಿ ತಡೆದುಕೊಂಡೆ. ಪಾಪ, ಎಲ್ಲ ಸರಿಯಾಗಿ ನಡೆಯಬೇಕು ಎಂಬ ಆತಂಕ ಅವರಿಗೆ. ಬ್ಲಾಕ್ ಆಫೀಸಿನಲ್ಲಿ ಗುಮಾಸ್ತರಾಗಿದ್ದಾಗಲೂ ಹಾಗೆಯೇ ಇದ್ದರು.

ಅತ್ತಿಗೆ ಪ್ರೀತಿಯಿಂದ ಬರಮಾಡಿಕೊಂಡರು. ಊಟಕ್ಕೆ ಕುಳಿತಾಗ ಇಬ್ಬರಿಗೂ ಮೆಣಸಿಲ್ಲದ ಸಾರು ಬಡಿಸಿದರು. "ನಿನಗೆ ಖಾರ ಆಗುವುದಿಲ್ಲವಲ್ಲ ದೇವಕಿ, ನಿನ್ನ ಲೆಕ್ಕದಲ್ಲಿ ಉದಯನಿಗೂ ಸಪ್ಪೆ" ಎಂದರು. ಹೊಟ್ಟೆ ಉರಿಯುವುದು ಇವರಿಗೆ. ನಾನು ಹಸಿಮೆಣಸು ಕಚ್ಚಿ ಗಂಜಿ ಉಣ್ಣುವವಳು. ಅತ್ತಿಗೆಗೆ ವಯಸ್ಸಾಯಿತು, ಯಾರದನ್ನೋ ಯಾರಿಗೋ ಸೇರಿಸುತ್ತಾರೆ.

ನವೆಂಬರ್ 7, ಶುಕ್ರವಾರ

ಬಾಲಿಯ ಹತ್ತಿರ ಯಾವುದೋ ಬೆಟ್ಟ ಬೂದಿ ಕಾರುತ್ತಿದೆಯಂತೆ. ವಿಮಾನ ಹಾರುವುದಿಲ್ಲ. ಪ್ರವಾಸದವರು ಗ್ರೂಪಿಗೆ ಹಾಕಿದ ಸುದ್ದಿಯನ್ನು ಇವರು ಓದಿ ಹೇಳಿದರು. ಗ್ರೂಪಿನಲ್ಲಿ ಇರುವುದು ಇವರ ನಂಬರು ಮಾತ್ರ. ಮಂಗಳವಾರ ಹೊರಡಬಹುದು ಎಂದಿದ್ದಾರೆ.

ಓದುವಾಗ ಇವರ ಮುಖ ಹಗುರಾದ ಹಾಗೆ ಕಂಡಿತು. ನನ್ನ ಭ್ರಮೆಯಿರಬೇಕು.

"ಹಾಗಾದರೆ ಮನೆಗೆ ಹೋಗಿ ಸೋಮವಾರ ಬರುವ" ಎಂದೆ. ಅತ್ತಿಗೆ ಹೌಹಾರಿದರು. "ಪರಸ್ಥಾನ ಮಾಡಿ ಹಾಗೆಯೇ ಮನೆ ಹೊಕ್ಕರೆ ಯಜಮಾನನಿಗೆ ಕೇಡು. ಎಂತ ಮಾತು ಅಂತ ಆಡ್ತಿ ದೇವಕಿ?" ಇವರೂ ತಲೆಯಾಡಿಸಿದರು. ಇವರಿಗೆ ಕೇಡಾಗುವುದು ನನಗೆ ಬೇಡ. ಮೂರು ದಿನ ತಾನೇ.

ಮಲಗುವ ಕೋಣೆಯಲ್ಲಿ ಅತ್ತಿಗೆ ಸಣ್ಣ ದೀಪ ಉರಿಸಿಟ್ಟಿದ್ದಾರೆ. ನನಗೆ ಕತ್ತಲೆಯೆಂದರೆ ಆಗುವುದಿಲ್ಲವಂತೆ. ದೀಪವಿಲ್ಲದೆ ನಿದ್ರೆ ಬಾರದವರು ಯಾರೆಂದು ಹೇಳೋಣ ಎನಿಸಿತು. ಇವರು ಆಗಲೇ ಗೋಡೆಯ ಕಡೆ ತಿರುಗಿ ಮಲಗಿದ್ದರು.

ನವೆಂಬರ್ 9, ಭಾನುವಾರ

ಮದುವೆಯಾದ ಹೊಸದರಲ್ಲೂ ನಾವು ಹೀಗೆ ತಿರುಗಾಡಿದವರಲ್ಲ. ಮಾಡಲು ಕೆಲಸವಿಲ್ಲ, ಅಡುಗೆ ಅತ್ತಿಗೆಯದು. ಸಂಜೆ ಕಡಲತೀರಕ್ಕೆ ಹೋದೆವು. ಬಾಲಿಗೆಂದು ಕೊಂಡ ಬಿಳಿ ಶೂಸನ್ನು ನಾನು ಹಾಕಿಕೊಂಡು ನಡೆದೆ. ಸೀರೆಯ ಕೆಳಗೆ ಅದು ಬಾತುಕೋಳಿಯ ಕಾಲಿನ ಹಾಗೆ ಕಾಣುತ್ತದೆ ಎಂದು ಇವರು ಹೇಳಿದರು. ಇಂಡೋನೇಷ್ಯಾದ ಭಾಷೆಯಲ್ಲಿ ಧನ್ಯವಾದ ಹೇಳುವುದು ಹೇಗೆಂದು ಕಲಿಸಿಕೊಟ್ಟೆ. "ತೆರಿಮಾ ಕಾಸಿ" ಎಂದು ಮೀನಿನ ಬುಟ್ಟಿ ಹಿಡಿದು ಹೋಗುತ್ತಿದ್ದ ಹೆಂಗಸಿಗೆ ಇವರು ಹೇಳಿಬಿಟ್ಟರು. ಅವಳು ಬೆದರಿ ದಾರಿ ಬಿಟ್ಟಳು. ಇಬ್ಬರೂ ಮರಳಿನ ಮೇಲೆ ಕುಳಿತು ನಕ್ಕೆವು.

ಬರುವಾಗ ಹೋಟೆಲಿನಲ್ಲಿ ಗೋಳಿಬಜೆ ತಿಂದೆವು. ನನ್ನ ಪಾಲಿನ ಚಟ್ನಿಗೆ ಇನ್ನಷ್ಟು ಖಾರ ಕೇಳಿದೆ. "ಅಕ್ಕನ ಹತ್ತಿರ ಹೇಳಬೇಡ" ಎಂದರು ಇವರು. ಯಾಕೆ ಎಂದು ಕೇಳಲಿಲ್ಲ. ಅಕ್ಕನ ಅಡುಗೆ ಬಿಟ್ಟು ಹೊರಗೆ ತಿಂದದ್ದು ಗೊತ್ತಾಗಬಾರದು ಎಂದಿರಬೇಕು.

ಒಳ್ಳೆಯ ದಿನ. ಬೂದಿಗೆ ತೆರಿಮಾ ಕಾಸಿ.

ನವೆಂಬರ್ 11, ಮಂಗಳವಾರ

ಹೊರಡಲಿಲ್ಲ. ಬೆಳಗ್ಗೆ ಸ್ನಾನ ಮಾಡಿ, ಚೀಲ ಜಗುಲಿಗೆ ತಂದಿಟ್ಟು ಕುಳಿತಿದ್ದೆ. ಇವರು ಫೋನು ಹಿಡಿದು ತೆಂಗಿನ ಮರದ ಬುಡಕ್ಕೆ ಹೋದರು. ಬಹಳ ಹೊತ್ತು ಮಾತಾಡಿ ಬಂದು, "ಇವತ್ತೂ ಇಲ್ಲವಂತೆ ದೇವಕಿ. ಬೂದಿ ಗಾಳಿಯಲ್ಲೇ ನಿಂತಿದೆಯಂತೆ" ಎಂದರು. ಹಣೆಯಲ್ಲಿ ಬೆವರು. ನನ್ನಿಂದಾಗಿ ಇವರಿಗೆ ಇಷ್ಟು ತೊಂದರೆಯಾಯಿತಲ್ಲ ಎಂದು ನನಗೇ ಕೆಟ್ಟದೆನಿಸಿ, ನೀರು ತಂದು ಕೊಟ್ಟೆ. ಬೆನ್ನು ಸವರಿದೆ.

ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.

ನವೆಂಬರ್ 12, ಬುಧವಾರ

ಬೂದಿ. ಅತ್ತಿಗೆಯ ನಾಲ್ಕು ರವಕೆಗಳ ತೋಳು ಸಡಿಲಿಸಿ ಕೊಟ್ಟೆ.

ನವೆಂಬರ್ 14, ಶುಕ್ರವಾರ

ಇವರು ಮಧ್ಯಾಹ್ನದ ನಿದ್ರೆಯಲ್ಲಿದ್ದಾಗ ನನ್ನ ಫೋನಿಗೆ ವೀಡಿಯೊ ಕರೆ ಬಂತು. ಲೋಲಾಕ್ಷಿ. ಮಂಗಳೂರಿನಲ್ಲಿ ಪ್ರವಾಸದವರು ಕರೆದ ಸಭೆಯಲ್ಲಿ ನನ್ನ ಪಕ್ಕ ಕುಳಿತು ನಂಬರು ಕೇಳಿ ಪಡೆದವಳು, ಕಾರಡ್ಕದವಳು.

"ಟೀಚರೇ, ಹೇಗಿದ್ದೀರಿ? ಈಗ ಸ್ವಲ್ಪ ಧೈರ್ಯ ಬಂತಾ?"

"ಎಂತದ್ದಕ್ಕೆ?"

"ಸಾರ್ ಎಲ್ಲ ಹೇಳಿದರು. ವಿಮಾನ ಅಂದರೆ ನಿಮಗೆ ಕೈಕಾಲು ತಣ್ಣಗಾಗ್ತದೆ, ಮೂರು ದಿನದಿಂದ ಅಳ್ತಾ ಇದ್ದೀರಿ, ಹಾಗಾಗಿ ಬರುವುದಿಲ್ಲ ಅಂತ. ನನಗೂ ಹಾಗೆಯೇ ಇತ್ತು ಟೀಚರೇ. ಹತ್ತಿ ಕೂತ ಮೇಲೆ ಎಂತದೂ ಇಲ್ಲ. ಇನ್ನೊಮ್ಮೆ ಬನ್ನಿ ಆಯ್ತಾ?"

"ನೀವೀಗ ಎಲ್ಲಿದ್ದೀರಿ?" ಎಂದು ಕೇಳಿದೆ.

"ಬಾಲಿಯಲ್ಲಿ. ಮಂಗಳವಾರವೇ ಬಂದೆವಲ್ಲ. ನಿಮಗೆ ತೋರಿಸುವ ಅಂತಲೇ ಮಾಡಿದ್ದು, ಇಲ್ಲಿ ನೋಡಿ, ನೀವು ಅವತ್ತು ಹೇಳುತ್ತಿದ್ದ ಬಾಟಿಕ್."

ಫೋನು ತಿರುಗಿಸಿದಳು. ನೆಲದಲ್ಲಿ ಕುಳಿತ ಒಬ್ಬ ಮುದುಕಿ. ಮೊಣಕಾಲಿನ ಮೇಲೆ ಬಿಳಿ ಬಟ್ಟೆ. ಪೆನ್ನಿನಷ್ಟು ಸಣ್ಣ ತಾಮ್ರದ ಮೂತಿಯಿಂದ ಮೇಣ ಇಳಿಸುತ್ತಿದ್ದಳು. ಗೆರೆ ಎಳೆಯುವಾಗ ಉಸಿರು ಹಿಡಿಯುತ್ತಿದ್ದಳು, ಬಿಡುವಾಗ ಮೂತಿಯನ್ನು ಬಟ್ಟೆಯಿಂದ ಮೇಲೆ ಎತ್ತುತ್ತಿದ್ದಳು. ನಾನು ಮಕ್ಕಳಿಗೆ ಕಲಿಸಿದ್ದೆಲ್ಲ ತಪ್ಪು. ಬ್ರಷ್ಷಿನಲ್ಲಿ ಅಂಥ ಗೆರೆ ಎಂದಿಗೂ ಬಾರದು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು, ಅವಳ ಸ್ವರ ಮಾತ್ರ ಉಳಿಯಿತು.

"ಟೀಚರೇ, ಇದ್ದೀರಾ? ಹೆದರಿಕೆ ಸ್ವಲ್ಪ ಕಡಿಮೆಯಾಯಿತಾ?"

"ಆಯಿತು. ಈಗ ಪರವಾಗಿಲ್ಲ" ಎಂದೆ.

ಹೀಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. ಇವರ ಮರ್ಯಾದೆ ಎಂದು ಬಾಯಿ ತಾನಾಗಿಯೇ ಹೇಳಿತು. ಒಳಗೆ ಇವರು ಗೊರಕೆ ಹೊಡೆಯುತ್ತಿದ್ದರು. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು, ಆದರೆ ಅದನ್ನು ಎಲ್ಲಿಂದ ಹಿಡಿದುಕೊಳ್ಳಬೇಕೆಂದು ತಿಳಿಯಲಿಲ್ಲ.

ನವೆಂಬರ್ 15, ಶನಿವಾರ

ಏನೂ ಗೊತ್ತಿಲ್ಲದವಳ ಹಾಗೆ ಕಾಫಿ ಕೊಟ್ಟು ಕೇಳಿದೆ, "ಬೂದಿ ಎಂತಾಯಿತು?"

"ಗಾಳಿ ತಿರುಗಿದೆಯಂತೆ. ಈಗ ಆಸ್ಟ್ರೇಲಿಯಾ ಕಡೆ ಹೋಗ್ತಾ ಉಂಟು."

"ಗ್ರೂಪಿನವರೆಲ್ಲ ಎಂತ ಮಾಡುತ್ತಾರಂತೆ ಪಾಪ?"

"ಕಾಯುವುದು, ನಮ್ಮ ಹಾಗೆಯೇ. ಆ ಲೋಲಾಕ್ಷಿ ದಿನಕ್ಕೆ ಹತ್ತು ಸಲ ಫೋನ್ ಮಾಡಿ ತಲೆ ತಿನ್ನುತ್ತಾಳಂತೆ."

"ಹೌದಾ" ಎಂದೆ. ಇನ್ನೂ ಕೇಳಿದೆ. ವಿಮಾನದ ರೆಕ್ಕೆಗೆ ಬೂದಿ ಹಿಡಿಯುವುದಾ, ಯಂತ್ರಕ್ಕಾ? ಅಲ್ಲಿನ ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಾರಾ? ಒಂದೊಂದಕ್ಕೂ ಉತ್ತರವಿತ್ತು. ನಾನು ದಾರ ಬಿಡುತ್ತಾ ಹೋದೆ, ಇವರು ಹೊಲಿಯುತ್ತಾ ಹೋದರು. ಹಾಗೆ ಕೇಳುವುದರಲ್ಲಿ ಒಂದು ರುಚಿ ಇತ್ತು ಎಂದು ಬರೆದರೆ ತಪ್ಪಲ್ಲ. ಕೊನೆಗೆ ಇವರಿಗೇ ಸುಸ್ತಾಗಿ, "ಎಷ್ಟು ಕೇಳ್ತಿ ಮಾರಾಯ್ತಿ" ಎಂದು ಎದ್ದು ಹೋದರು.

ಈಗ ಹಿಂದಿನದೆಲ್ಲ ಬೇರೆಯಾಗಿ ಕಾಣುತ್ತಿದೆ. ಅತ್ತಿಗೆಯ ಮಗನ ಮದುವೆಗೆ ನಾವು ದೆಹಲಿಗೆ ಹೋಗಲಿಲ್ಲ. "ಟಿಕೆಟ್ ಸಿಗಲಿಲ್ಲ" ಎಂದು ಇವರು ನನಗೆ ಹೇಳಿದ್ದರು. ಇಂದು ಅತ್ತಿಗೆಯನ್ನು ಮಾತಿಗೆಳೆದೆ. ನನಗೆ ಜನಸಂದಣಿ ಆಗುವುದಿಲ್ಲ ಎಂದು ಬರಲಿಲ್ಲವಂತೆ. ತಿರುಮಲೆಗೆ ಹೋಗದಿದ್ದದ್ದು ನನಗೆ ಘಾಟಿ ರಸ್ತೆಯಲ್ಲಿ ವಾಂತಿಯಾಗುವುದರಿಂದ. ಅತ್ತೆಗೆ ಆಪರೇಷನ್ ಆದಾಗ ಇವರು ಆಸ್ಪತ್ರೆಯೊಳಗೆ ಬಾರದೆ ಹೊರಗೆ ನಿಂತದ್ದು, ರಕ್ತ ಕಂಡರೆ ನಾನು ಬೀಳುತ್ತೇನೆ, ನನ್ನನ್ನು ನೋಡಿಕೊಳ್ಳಬೇಕು ಎಂದು. ಅಂದು ಅತ್ತೆಯ ಪಕ್ಕ ನಾಲ್ಕು ದಿನ ಕುಳಿತವಳು ನಾನು. ಅತ್ತಿಗೆಗೆ ಅದು ನೆನಪೇ ಇಲ್ಲ. ಇವರು ಹೇಳಿದ್ದು ಮಾತ್ರ ನೆನಪಿದೆ.

ಈ ಮನೆಯಲ್ಲಿ ಇನ್ನೊಬ್ಬ ದೇವಕಿ ಇದ್ದಾಳೆ. ಖಾರ ತಿನ್ನದವಳು, ಕತ್ತಲೆಗೆ ಹೆದರುವವಳು, ಎಲ್ಲಿಗೂ ಹೋಗಲಾರದವಳು. ಎಲ್ಲರಿಗೂ ಅವಳ ಮೇಲೆ ಮರುಕ. ಅವಳನ್ನು ಸಾಕಿಕೊಂಡು ಬಂದ ಉದಯನ ಮೇಲೆ ಮೆಚ್ಚುಗೆ.

ನವೆಂಬರ್ 16, ಭಾನುವಾರ

ಅಲಸಂಡೆ ಮುರಿಯುತ್ತಾ ಕುಳಿತಾಗ ಅತ್ತಿಗೆಯೇ ಮಾತು ತೆಗೆದರು.

"ಪ್ರವಾಸ ಬೇಡ ಅಂತಾದರೆ ಬೇಜಾರು ಮಾಡಬೇಡ ದೇವಕಿ. ನಿನ್ನ ಹೆದರಿಕೆ ಉದಯನಿಗೆ ಅರ್ಥವಾಗ್ತದೆ. ಅವನು ನಿನ್ನನ್ನು ಎಂತಕ್ಕಾದರೂ ಬಯ್ದದ್ದುಂಟಾ? ನಿನ್ನಲ್ಲಿ ಮಕ್ಕಳಾಗುವುದಿಲ್ಲ ಅಂತ ಡಾಕ್ಟರು ಹೇಳಿದಾಗ ಅಮ್ಮ ಅವನಿಗೆ ಇನ್ನೊಂದು ಮದುವೆ ಮಾಡಿಸಲಿಕ್ಕೆ ಹೊರಟದ್ದು. ಅವಳನ್ನು ಬಿಡುವುದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ. ಅಂಥ ಗಂಡ ಯಾರಿಗೆ ಸಿಗ್ತಾನೆ?"

ಡಾಕ್ಟರು ಹೇಳಿದ್ದು ಇವರಲ್ಲಿ ಆಗುವುದಿಲ್ಲ ಎಂದು. ನನ್ನಲ್ಲಿ ಏನೂ ತೊಂದರೆಯಿಲ್ಲ ಎಂದು. ಯಾರಿಗೂ ಹೇಳುವುದು ಬೇಡ ಎಂದು ಮಂಗಳೂರಿನಿಂದ ಬರುವ ಬಸ್ಸಿನಲ್ಲಿ ಇಬ್ಬರೂ ಮಾತು ಮಾಡಿಕೊಂಡಿದ್ದೆವು. ನಾನು ನನ್ನ ಅಮ್ಮನಿಗೂ ಹೇಳಲಿಲ್ಲ. ಅಮ್ಮ ನನಗಾಗಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತುಕೊಂಡೇ ಸತ್ತಳು.

ಇನ್ನು ಬರೆಯಲಾರೆ.

ನವೆಂಬರ್ 17, ಸೋಮವಾರ

ಸಂಜೆ ಕಡಲಿಗೆ ಹೋಗುವ ಎಂದು ನಾನೇ ಕರೆದೆ. ಶೂಸು ಹಾಕಿಕೊಳ್ಳಲಿಲ್ಲ. ಮರಳಿನಲ್ಲಿ ಕುಳಿತ ಮೇಲೆ, "ಲೋಲಾಕ್ಷಿ ಫೋನ್ ಮಾಡಿದ್ದಳು, ಬಾಲಿಯಿಂದ" ಎಂದೆ.

ಇವರು ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು. ಆಮೇಲೆ, "ನನಗೆ ಆಗಲಿಲ್ಲ ದೇವಕಿ. ಟಿಕೆಟ್ ಮಾಡಿದ ದಿನದಿಂದ ಎದೆ ಡಬಡಬ. ಅಷ್ಟು ಎತ್ತರ, ಬಾಗಿಲು ಮುಚ್ಚಿ ಕೂತರೆ ಇಳಿಯಲಿಕ್ಕೆ ಇಲ್ಲ. ಗಂಡಸು ನಾನು, ಹೋಗಿ ಹೇಗೆ ಹೇಳುವುದು?" ಎಂದರು.

"ನನಗೆ ಹೇಳಬಹುದಿತ್ತು."

"ನಿನಗೆ ಹೇಳಿದರೆ ನೀನು ಸಮಾಧಾನ ಮಾಡಿ ಕರಕೊಂಡು ಹೋಗುತ್ತಿದ್ದೆ."

ಅದು ನಿಜ. ಕೈ ಹಿಡಿದುಕೊಂಡು ಕೂರುತ್ತಿದ್ದೆ. ಈಗಲೂ ಆ ಹೆದರಿಕೆಯ ಬಗ್ಗೆ ನನಗೆ ಸಿಟ್ಟಿಲ್ಲ.

"ನನ್ನ ಹೆಸರು ಯಾಕೆ ಹೇಳಿದ್ದು?"

"ನಿನ್ನ ಹೆಸರು ಹೇಳಿದರೆ ಯಾರೂ ಎಂತದೂ ಕೇಳುವುದಿಲ್ಲ. ಹೆಂಗಸು, ಹೆದರಿಕೆ, ಮುಗಿಯಿತು. ಸುಳ್ಳು ಹೇಳಿದೆ ಅಂತ ನನಗೆ ಅನಿಸಲೇ ಇಲ್ಲ."

"ಮಕ್ಕಳ ವಿಷಯವೂ?"

ಇವರು ಮರಳನ್ನು ಮುಷ್ಟಿಯಲ್ಲಿ ಹಿಡಿದರು. "ಅಮ್ಮ ಎದುರು ನಿಂತು ಕೇಳಿದರು. ಬಾಯಿಗೆ ಬಂತು. ಮತ್ತೆ ತಿರುಗಿಸಲಿಕ್ಕೆ ಆಗಲಿಲ್ಲ. ನೀನು ಹೇಗೂ ಯಾರ ಹತ್ತಿರವೂ ಹೇಳುವವಳ‌ಲ್ಲ ಅಂತ ಗೊತ್ತಿತ್ತು."

ಆ ಮಾತಿನಲ್ಲಿ ನನ್ನ ಬಗ್ಗೆ ಹೊಗಳಿಕೆ ಇತ್ತು, ನಿಜವಾಗಿ. ನನ್ನನ್ನು ಹೊಗಳಿಯೇ ನನ್ನನ್ನು ಮುಗಿಸಿದ್ದಾರೆ ಈ ಮನುಷ್ಯ. ನನ್ನ ಅಮ್ಮನ ಮುಖ ನೆನಪಾಯಿತು. ಇವರು ಕೇಳಿದ್ದು ಒಂದೇ ಪ್ರಶ್ನೆ.

"ಅಕ್ಕನಿಗೆ ಹೇಳ್ತೀಯಾ?"

ನವೆಂಬರ್ 18, ಮಂಗಳವಾರ

ಪಾಸ್‌ಪೋರ್ಟು ಇವರ ಕೈಚೀಲದಲ್ಲಿತ್ತು. ಕೇಳದೆ ತೆಗೆದುಕೊಂಡೆ. ಮಂಗಳೂರಿನ ಬಸ್ಸು ಹತ್ತಿ ಪ್ರವಾಸದವರ ಆಫೀಸಿಗೆ ಹೋದೆ. ಅಲ್ಲಿರುವ ಹುಡುಗಿ ರಶ್ಮಿತಾ ನನ್ನನ್ನು ನೋಡಿದ ತಕ್ಷಣ ಎದ್ದು ಕುರ್ಚಿ ಎಳೆದು ಕೊಟ್ಟಳು, ಕಾಯಿಲೆಯವರಿಗೆ ಕೊಡುವ ಹಾಗೆ. ನೀರು ಬೇಕಾ ಎಂದಳು.

"ಮುಂದಿನ ಗ್ರೂಪು ಯಾವಾಗ?"

"ಇಪ್ಪತ್ತೊಂಬತ್ತಕ್ಕೆ ಉಂಟು ಮೇಡಂ. ಎರಡು ಸೀಟು ನೋಡುವುದಾ?"

"ಒಂದು."

"ನಿಮಗೆ ಒಬ್ಬರಿಗೆ ಆಗ್ತದಾ ಮೇಡಂ? ಸಾರ್ ಹೇಳಿದ್ದು..."

"ಅವರು ಹಾಗೆ ಹೇಳುವುದು ಯಾವಾಗಲೂ" ಎಂದೆ.

ವಾಪಸು ಬಂದಾಗ ಊಟದ ಹೊತ್ತು. ಕೈತೊಳೆದು ಕುಳಿತು ಅತ್ತಿಗೆಗೆ ಹೇಳಿದೆ, "ನಾನು ಇಪ್ಪತ್ತೊಂಬತ್ತಕ್ಕೆ ಬಾಲಿಗೆ ಹೋಗ್ತೇನೆ ಅತ್ತಿಗೆ, ಒಬ್ಬಳೇ. ನನಗೆ ವಿಮಾನದ ಹೆದರಿಕೆ ಇಲ್ಲ. ಯಾವಾಗಲೂ ಇರಲಿಲ್ಲ. ಸಾರಿಗೆ ಮೆಣಸು ಹಾಕಿ, ತಿನ್ನುತ್ತೇನೆ."

ಅತ್ತಿಗೆ ತಮ್ಮನ ಮುಖ ನೋಡಿದರು. ಇವರು ನನ್ನನ್ನು ನೋಡಿದರು. ಇನ್ನು ಮಕ್ಕಳ ವಿಷಯವನ್ನೂ ಹೇಳುತ್ತೇನೋ ಎಂದು ಇವರ ತುತ್ತು ಕೈಯಲ್ಲೇ ನಿಂತಿತ್ತು. ನಾನು ಸುಮ್ಮನೆ ಅನ್ನ ಕಲಸಿದೆ. ಹೇಳುವುದಿಲ್ಲ ಎಂದು ಗೊತ್ತಾದ ಮೇಲೆ ಇವರಿಗೆ ಸ್ವರ ಬಂತು.

"ಅವಳಿಗೆ ಹಠ ಬಂದರೆ ಹಾಗೆಯೇ ಅಕ್ಕ. ಮೊದಲಿನಿಂದಲೂ."

ಅತ್ತಿಗೆ ನಿಟ್ಟುಸಿರು ಬಿಟ್ಟು ತಮ್ಮನಿಗೆ ಮಜ್ಜಿಗೆ ಬಡಿಸಿದರು. ಊಟ ಮುಗಿಸಿ, ಕೆಂಪು ಚೀಲ ಎಳೆದುಕೊಂಡು ನಾನು ರಸ್ತೆಗೆ ಬಂದೆ. ಹಿಂದಿನಿಂದ ಅತ್ತಿಗೆ, "ಅವಳು ಹೋದರೆ ಹೋಗಲಿ, ನೀನು ಮನೆ ಹೊಗಬೇಡ ಉದಯಾ. ಜೋಯಿಸರನ್ನು ಕೇಳದೆ ಬೇಡ" ಎನ್ನುವುದು ಕೇಳಿಸಿತು.

ನಮ್ಮ ಬಾಗಿಲು ತೆರೆದು ಒಳಗೆ ಬಂದೆ. ಯಾವ ಹೊತ್ತೆಂದು ನೋಡಲಿಲ್ಲ.

ನವೆಂಬರ್ 22, ಶನಿವಾರ

ಒಬ್ಬಳಿಗೆ ಅಡುಗೆ ಮಾಡಲು ಬರುವುದಿಲ್ಲ, ದಿನವೂ ಉಳಿಯುತ್ತದೆ. ಹೊನ್ನಯ್ಯನ ಹೆಂಡತಿಗೆ ಕೊಡುತ್ತೇನೆ. "ಭಟ್ರು ಎಲ್ಲಿ?" ಎಂದು ಕೇಳಿದಳು. "ಅಕ್ಕನನ್ನು ಬಿಟ್ಟು ಬರಲಿಕ್ಕೆ ಅವರಿಗೆ ಮನಸ್ಸಿಲ್ಲ" ಎಂದೆ. ಅವಳು ನಂಬಿದಳು.

ಇವರು ದಿನಕ್ಕೆರಡು ಸಲ ಫೋನು ಮಾಡುತ್ತಾರೆ. ಬನಿಯನ್ ಎಷ್ಟು ತಂದಿದ್ದೆವು, ಕಿವಿಗೆ ಹಾಕುವ ಮದ್ದಿನ ಹೆಸರು ಯಾವುದು. ಜೋಯಿಸರು ಊರಿನಲ್ಲಿಲ್ಲವಂತೆ. ಯಜಮಾನನಿಗೆ ಕೇಡು ಎಂದು ಅತ್ತಿಗೆ ಹೇಳಿದ್ದನ್ನು ಇವರು ನಿಜವಾಗಿಯೂ ನಂಬಿದ್ದಾರೆ. ನನ್ನನ್ನು ಅಲ್ಲೇ ಉಳಿಸಿಕೊಳ್ಳಲು ತಲೆಯಾಡಿಸಿದ್ದು ಎಂದುಕೊಂಡಿದ್ದೆ. ಅಲ್ಲ.

ನವೆಂಬರ್ 28, ಶುಕ್ರವಾರ

ಬೆಳಗ್ಗೆ ಗೇಟಿನ ಹೊರಗೆ ನಿಂತಿದ್ದರು. ಗಡ್ಡ ಬಂದಿದೆ, ಸೊರಗಿದ್ದಾರೆ. ಒಳಗೆ ಬನ್ನಿ ಎನ್ನಲಿಲ್ಲ, ಬರುವವರೂ ಅಲ್ಲ. ನಾನು ಇತ್ತ ಕಡೆ ನಿಂತೆ.

"ನಾಳೆ ಶನಿವಾರ. ಪೂರ್ವಕ್ಕೆ ಶೂಲೆ."

"ಗೊತ್ತುಂಟು."

"ಹೋಗಲೇಬೇಕಾ ದೇವಕಿ? ಹೆಂಡತಿ ಒಬ್ಬಳನ್ನೇ ಕಳಿಸಿದ ಅಂತ ಜನ ಕೇಳಿದರೆ ನಾನು ಎಂತ ಹೇಳುವುದು?"

"ನನ್ನ ಹೆಸರು ಹೇಳಿ. ಯಾರೂ ಎಂತದೂ ಕೇಳುವುದಿಲ್ಲ."

ಇವರ ಕಣ್ಣಲ್ಲಿ ನೀರು ಬಂತು. ನನಗೆ ಅಯ್ಯೋ ಎನಿಸಬೇಕಿತ್ತು. ಎನಿಸಲಿಲ್ಲ ಎಂಬುದೇ ನನಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು. ಗ್ಯಾಸಿನ ಮೇಲೆ ಅನ್ನವಿದೆ ಎಂದು ಒಳಗೆ ಬಂದೆ. ಗ್ಯಾಸು ಹಚ್ಚಿರಲಿಲ್ಲ.

ನವೆಂಬರ್ 29, ಶನಿವಾರ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕುಳಿತು ಬರೆಯುತ್ತಿದ್ದೇನೆ. ಬಾಲಿಯ ವಿಮಾನಕ್ಕೆ ಇನ್ನೂ ಹೊತ್ತಿದೆ. ಈಗ ಕೈ ಸ್ವಲ್ಪ ಹಿಡಿತಕ್ಕೆ ಬಂದಿದೆ.

ಮಂಗಳೂರಿನಿಂದ ಇಲ್ಲಿಗೆ ಬರುವಾಗ ನನ್ನ ಪಕ್ಕದಲ್ಲಿ ಪೂಜಾಶ್ರೀ ಎಂಬ ಹುಡುಗಿ, ಇದೇ ಗ್ರೂಪಿನವಳು, ಬಾಯಾರಿನ ಕಡೆಯವಳು. ಕೂರುವಷ್ಟರಲ್ಲಿ ಅವಳ ಪ್ರಶ್ನೆಗಳು ಶುರುವಾಗಿದ್ದವು.

"ಮಕ್ಕಳು ಎಷ್ಟು ಮಂದಿ ಟೀಚರೇ?"

"ಇಲ್ಲ. ನಮ್ಮವರಲ್ಲಿ ಆಗುವುದಿಲ್ಲ ಅಂತ ಡಾಕ್ಟರು ಹೇಳಿದ್ದರು."

ಇಷ್ಟು ವರ್ಷ ಬಾಯಿಗೆ ಬಾರದ್ದು, ಹೆಸರು ಕೂಡ ಆಗಷ್ಟೇ ಕೇಳಿ ತಿಳಿದ ಒಬ್ಬಳ ಹತ್ತಿರ ಸಲೀಸಾಗಿ ಬಂತು. ಅವಳು ನನ್ನ ಬೆಲ್ಟು ಸರಿಯಾಗಿ ಹಾಕಿಕೊಟ್ಟಳು.

ಆಮೇಲೆ ವಿಮಾನ ಓಡಿತು. ನಿಲ್ದಾಣವಿರುವ ಗುಡ್ಡದ ತುದಿ ಬಂತು, ಮುಗಿಯಿತು. ಕೆಳಗೆ ಏನೂ ಇರಲಿಲ್ಲ. ಬಾಗಿಲು ಎಲ್ಲಿದೆಯೆಂದು ತಿರುಗಿ ನೋಡಿದೆ. ಕೈಗಳು ನನ್ನ ಮಾತು ಕೇಳದೆ ನಡುಗುತ್ತಿದ್ದವು. ಸೆರಗಿನಲ್ಲಿ ಅಡಗಿಸಿಕೊಂಡೆ. ಪೂಜಾಶ್ರೀ ಅದನ್ನು ನೋಡಿ, ಸೆರಗಿನೊಳಗೇ ಕೈ ಹಾಕಿ ನನ್ನ ಕೈ ಹಿಡಿದಳು.

"ಹೆದರಿಕೆ ಆಗ್ತಾ ಉಂಟಾ ಟೀಚರೇ?"

"ನನಗೆಂತ ಹೆದರಿಕೆ" ಎಂದೆ. "ನಮ್ಮವರದ್ದೇ ಯೋಚನೆ. ನಾನು ಒಂದು ದಿನ ಬಿಟ್ಟು ಹೋದರೆ ಅವರಿಗೆ ತಡೆಯುವುದಿಲ್ಲ. ಅವರು ಈಗ ಅಲ್ಲಿ ನಡುಗುತ್ತಾ ಇರ್ತಾರೆ, ಅದು ನೆನಪಾಗಿ ಹೀಗೆ."

"ಅಯ್ಯೋ ಪಾಪ" ಎಂದಳು.

"ಹೌದು, ಪಾಪ" ಎಂದೆ. ಸುಳ್ಳು ಹೇಳಿದೆ ಎಂದು ಅನಿಸಲಿಲ್ಲ. ಬೆಂಗಳೂರಿನಲ್ಲಿ ಇಳಿಯುವವರೆಗೂ ಕಣ್ಣು ಮುಚ್ಚಿ ಅವಳ ಕೈಯನ್ನು ಬಿಡದೆ ಹಿಡಿದುಕೊಂಡಿದ್ದೆ.